ನನ್ನ ಪ್ರೋಗ್ರಾಂ ಓದಿದವರು

ಮಾನ್ಯ ಅಧ್ಯಕ್ಷರೇ, ವೇದಿಕೆಯಲ್ಲಿರುವ ಗಣ್ಯರೇ, ಯಜಮಾನರಿಗೆ ವರ್ಗವಾದ್ದರಿಂದ ನಮ್ಮನ್ನು ಬಿಟ್ಟು ಮುಂಬಯಿಗೆ ಹೊರಟಿರುವ ನಳಿನಾಕ್ಷಿಯವರೇ, ಚಹಾ ಯಾವಾಗ ಬರುತ್ತದೆಂದು ಬಾಗಿಲು ನೋಡುತ್ತಿರುವ ಸಭಿಕರೇ,

ಮಣಿಪಾಲದ ಈ ಕಂಪ್ಯೂಟರ್ ವಿಭಾಗಕ್ಕೆ ನಾನು ಬಂದದ್ದು ಟೈಪಿಸ್ಟ್ ಆಗಿ. ಎಂಬತ್ತೆರಡನೇ ಇಸವಿಯಲ್ಲಿ, ಕೂದಲು ನರೆಯತೊಡಗಿದ ಮೇಲೆ, ನನ್ನನ್ನು ಪ್ರೋಗ್ರಾಂ ಬರೆಯಲು ಕೂರಿಸಿದರು. ಯಂತ್ರಕ್ಕೆ ಏರ್ ಕಂಡೀಷನ್, ನಮಗೆ ಬೆವರು. ಇರಲಿ.

ನನ್ನ ಮೊದಲ ಪ್ರೋಗ್ರಾಂ ಪರೀಕ್ಷಾ ಫಲಿತಾಂಶದ್ದು. ಆಗಿನ ಮೇಲಧಿಕಾರಿಗಳು ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿ, "ಸುಂದರಾ, ಇದೆಂತ ಪ್ರೋಗ್ರಾಮಾ, ಮಲ್ಪೆಯ ಮೀನಿನ ಏಲಮಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ? ತಪ್ಪು ಎಲ್ಲಿದೆ ಎಂದು ಮಾತ್ರ ಯಾರೂ ಹೇಳಲಿಲ್ಲ. ನನ್ನನ್ನು ಟೈಪಿಂಗಿಗೇ ಕಳುಹಿಸಿ ಎಂದು ಕೇಳಲು ನಿಶ್ಚಯಿಸಿದೆ.

ಆ ಸಂಜೆ ನಳಿನಾಕ್ಷಿಯವರು ಬಂದು ನನ್ನ ಪಕ್ಕದಲ್ಲಿ ಕುಳಿತರು. ಎದುರಿಗಲ್ಲ, ಪಕ್ಕದಲ್ಲಿ.

"ಹೆಸರುಗಳನ್ನು ಚಂದ ಇಟ್ಟಿದ್ದೀರಿ ಸುಂದರಣ್ಣ, ಯಾರು ಓದಿದರೂ ಅರ್ಥ ಆಗ್ತದೆ. ನನಗೊಂದು ಸಂಶಯ ಉಂಟು. ಜ್ವರ ಬಂದು ಪರೀಕ್ಷೆಗೆ ಬಾರದವರಿಗೂ, ಬರೆದು ಸೊನ್ನೆ ತೆಗೆದವರಿಗೂ ಇದು ಎಂತ ಹೇಳ್ತದೆ?"

ವಿವರಿಸಲು ಹೊರಟವನು ಅರ್ಧದಲ್ಲೇ ನಿಂತೆ. "ಇಬ್ಬರನ್ನೂ ಫೇಲ್ ಮಾಡ್ತದೆ ಮಾರಾಯ್ರೆ!"

"ಹಾಗಾದರೆ ಎಂತ ಮಾಡುವ?"

ಮಾಡುವ, ಎಂದರು; ನೀವು ಮಾಡಿ ಎನ್ನಲಿಲ್ಲ! ತಪ್ಪು ನಮ್ಮಿಬ್ಬರದೂ ಎಂಬ ಹಾಗೆ. ಮರುವಾರ ಆ ಪ್ರೋಗ್ರಾಂ ಸರಿಯಾಗಿ ಓಡಿತು. ನಾನು ಇಲ್ಲೇ ಉಳಿದೆ.

ಅವರು ಪಕ್ಕದಲ್ಲಿ ಕುಳಿತ ಆ ಸಂಜೆ, ಮನೆಗೆ ಹೋಗುವ ಕಾಪುವಿನ ಬಸ್ಸಿನಲ್ಲಿ ಅವರ ಮಾತನ್ನೇ ಮತ್ತೆ ಮತ್ತೆ ಹೇಳಿಕೊಂಡೆ. ಮನೆಯ ಬೀಗ ತೆಗೆದು, "ಗುಣವತಿ, ಕೇಳಿದೆಯಾ?" ಎಂದೆ. ನನ್ನ ಹೆಂಡತಿ ತೀರಿಕೊಂಡು ಆಗಲೇ ವರ್ಷವಾಗಿತ್ತು. ಇದನ್ನು ಇಲ್ಲಿ ಏಕೆ ಹೇಳಿದೆನೋ, ಕ್ಷಮಿಸಿ.

ಆಮೇಲೆ ನಾನು ಬರೆದದ್ದನ್ನೆಲ್ಲ ಅವರು ಓದಿದರು. ತಮ್ಮದನ್ನು ನನಗೆ ಓದಲು ಕೊಟ್ಟರು. ಅವರ ತಪ್ಪು ಹೇಳಲು ನಾನು ತಡವರಿಸಿದರೆ, "ಹೇಳಿ ಮಾರಾಯ್ರೆ, ಯಂತ್ರದ ಬಾಯಲ್ಲಿ ಕೇಳುವುದಕ್ಕಿಂತ ನಿಮ್ಮ ಬಾಯಲ್ಲಿ ಕೇಳುವುದು ಒಳ್ಳೆಯದಲ್ವಾ?" ಎನ್ನುತ್ತಿದ್ದರು. ಸಭಿಕರೇ, ಇನ್ನೆರಡು ಪ್ರಶ್ನೆ ಬರಲಿ ಎಂದೇ ನಾನು ಪ್ರೋಗ್ರಾಮನ್ನು ಉದ್ದ ಬೆಳೆಸಿದ್ದೂ ಉಂಟು. ಶನಿವಾರ ಕೊಟ್ಟರೆ, ಭಾನುವಾರ ಮನೆಯಲ್ಲಿ ಕುಳಿತವನಿಗೆ ಎದುರು ನೋಡಲು ಸೋಮವಾರವೊಂದು ಇರುತ್ತಿತ್ತು.

ಇಂದು ಬೆಳಿಗ್ಗೆಯೂ ಹೊಸ ಪ್ರೋಗ್ರಾಂ ಹಿಡಿದು ಅವರ ಮೇಜಿನ ತನಕ ಹೋದೆ. ಮೇಜನ್ನು ಖಾಲಿ ಮಾಡಿ ಒರೆಸಿಟ್ಟಿದ್ದರು. ಸ್ವಲ್ಪ ಹೊತ್ತು ನಿಂತು ಹಿಂದಿರುಗಿದೆ.

ಹೊಸದಾಗಿ ಸೇರಿದವರು ಹಿಂದಿನ ಸಾಲಿನಲ್ಲಿ ಇದ್ದೀರಿ. ನಿಮ್ಮಲ್ಲಿ ವಿನಂತಿ: ಬಿಡುವಿದ್ದರೆ ನಾನು ಬರೆದದ್ದನ್ನು ಓದಿ. ತಪ್ಪು ಖಂಡಿತ ಇರುತ್ತದೆ. ಕಿಟಕಿಯ ಬಳಿ ಕೂರುತ್ತೇನೆ. ಕೆಲಸ ಮುಗಿದ ಮೇಲೂ ಬರಬಹುದು, ನನಗೆ ಮನೆಗೆ ಹೋಗುವ ಅವಸರವಿಲ್ಲ.

ನಳಿನಾಕ್ಷಿಯವರೇ, ಹೋದಲ್ಲಿ ನಿಮಗೆ ಒಳ್ಳೆಯದಾಗಲಿ. ಎರಡು ಮಾತೆಂದು ನಿಂತವನನ್ನು ಇಷ್ಟು ಹೊತ್ತು ಸಹಿಸಿದ ನಿಮ್ಮೆಲ್ಲರಿಗೂ ಕೃತಜ್ಞತೆಗಳು. ನಮಸ್ಕಾರ.