ಅವ್ವನ ತೂತಿನ ಕಾಸು

ಒಂದೂರಲ್ಲಿ ಒಬ್ಬ ಶ್ರೀಮಂತನಿದ್ದ ಅಂತ ಇಟ್ಟುಕೊಳ್ಳಿ. ಯಾವ ಊರು ಎಂದು ಕೇಳಬೇಡಿ, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೀರಿ. ಅವನಿಗೆ ಹಳೆಯ ನಾಣ್ಯ ಕೂಡಿಡುವ ಹುಚ್ಚು. ಬೆಳ್ಳಿ ರೂಪಾಯಿ, ತಾಮ್ರದ ದುಡ್ಡು, ರಾಜನ ಕಾಲದ್ದು, ರಾಣಿಯ ಕಾಲದ್ದು, ಎಲ್ಲ ಇತ್ತು. ಆದರೆ ಅವನ ಜೀವವೆಲ್ಲ ಒಂದೇ ಒಂದು ತೂತಿನ ಕಾಸಿನಲ್ಲಿ. ಸಂತೆಗೆ ಒಯ್ದರೆ ಅದಕ್ಕೆ ಯಾರೂ ಒಂದು ಕಪ್ ಚಹಾ ಕೊಡುವುದಿಲ್ಲ. ಅದು ಅವನ ಅವ್ವನದು.

ಇಲ್ಲಿ ಕೂತ ಹಿರಿಯ ತಾಯಂದಿರಿಗೆ ಗೊತ್ತು. ಹಣೆಗೆ ಮೇಣ ಸವರಿ, ಮೇಲೆ ತೂತಿನ ಕಾಸು ಒತ್ತಿ ಹಿಡಿದು, ತೂತಿನೊಳಗೆ ಕುಂಕುಮ ತುಂಬುತ್ತಿದ್ದರು. ಕಾಸು ತೆಗೆದರೆ ದುಂಡನೆಯ ಬೊಟ್ಟು. ಅವ್ವ ಹಾಗೇ ಇಟ್ಟುಕೊಳ್ಳುತ್ತಿದ್ದಳು, ಮಗಳಿಗೂ ಹಾಗೇ ಇಡುತ್ತಿದ್ದಳು. ಅವ್ವ ಹೋದಳು. ತೂತಿನ ಅಂಚಿಗೆ ಒಂದಿಷ್ಟು ಕೆಂಪು ಉಳಿಯಿತು. ಅದನ್ನು ಕಂಡಾಗಲೆಲ್ಲ ಶ್ರೀಮಂತನಿಗೆ ಅವ್ವನ ಹಣೆ ಕಾಣುತ್ತಿತ್ತು. ಐವತ್ತು ದಾಟಿದ ಗಂಡಸು ನೋಡಿ, ಅವ್ವ ಬೇಕು ಅಂತ ಯಾರ ಮುಂದೆ ಹೇಳಿಕೊಳ್ಳಬೇಕು?

ಪ್ರತಿ ವರ್ಷ ನಾಗರಪಂಚಮಿಗೆ ತಂಗಿ ತವರಿಗೆ ಬರುತ್ತಿದ್ದಳು. ಉಂಡಿ ತಿಂದು, ಜೋಕಾಲಿ ಆಡಿ, ಹೊರಡುವ ಮುಂಚೆ ಮೆಲ್ಲಗೆ ಕೇಳುತ್ತಿದ್ದಳು.

"ಅಣ್ಣಾ, ಅವ್ವನ ಕಾಸು ಒಂದು ಸಲ ಕೈಯಾಗ ಕೊಡು. ಅದರ್ಲೆ ಒಮ್ಮಿ ಕುಂಕುಮ ಇಟ್ಕೊಂಡು ವಾಪಸ್ ಕೊಡ್ತೀನಿ."

"ಹುಚ್ಚಿ, ಕೈಬೆವರು ಹತ್ತಿದ್ರ ತಾಮ್ರ ಕೆಡತೈತಿ. ಅವ್ವಂದು ಅಂತ ಉಳದಿದ್ದು ಇದೊಂದ."

ಅವನು ಹೇಳಿದ್ದು ಸುಳ್ಳಲ್ಲ. ಬೆವರಿಗೆ ತಾಮ್ರ ಕೆಡುವುದು ಖರೆ. ಅದಕ್ಕೇ ಪೇಟೆಯಿಂದ ಎಲ್ಲಕ್ಕಿಂತ ಮೆತ್ತಗಿನ, ಮಿರಿಮಿರಿ ಮಿಂಚುವ ಪ್ಲಾಸ್ಟಿಕ್ ಆಲ್ಬಮ್ ತಂದ. ಅದರ ಒಂದು ಜೇಬಿನಲ್ಲಿ ಕಾಸನ್ನು ಇಟ್ಟ. ಅದೇ ಊರಿನಲ್ಲಿ ನಾಣ್ಯ ಕೂಡಿಡುವ ಮುದುಕ ಮಾಸ್ತರರೊಬ್ಬರಿದ್ದರು. ಅವರು ಆಲ್ಬಮ್ ಬಿಚ್ಚಿ ಮೂಗಿಗೆ ಹಿಡಿದರು.

"ಸಾವ್ಕಾರ್ರ, ಹೊಸ ರೇನ್‌ಕೋಟಿನ ವಾಸನಿ ಬರಾಕತ್ತೈತಿ. ಇದು ಪಿವಿಸಿ. ಮೆತ್ತಗಿರ್ಲಿ ಅಂತ ಇದರಾಗ ಎಣ್ಣಿಯಂಥಾದ್ದು ಹಾಕಿರ್ತಾರ, ಅದು ಹೊರಗ ಬಂದು ತಾಮ್ರ ತಿಂತೈತಿ. ವಾಸನಿ ಇಲ್ಲದ್ದು, ಗಟ್ಟಿ ಡಬ್ಬಿ ತಗೋರಿ. ಪಾಲಿಪ್ರೊಪಿಲೀನ್ ಅಂತ ಬರದಿರ್ತೈತಿ."

"ಮಾಸ್ತರ, ನಿಮ್ಮ ಡಬ್ಬಿ ಉಪ್ಪಿನಕಾಯಿ ಡಬ್ಬಿ ಕಂಡಂಗ ಕಾಣತೈತಿ. ನಮ್ಮವ್ವನ್ನ ಅದರಾಗ ಇಡ್ಲೇನು?"

ನೋಡಿ, ಅವ್ವನ್ನ ಅಂದ. ಕಾಸನ್ನು ಅನ್ನಲಿಲ್ಲ. ಅಷ್ಟು ಹಂಬಲ ಇದ್ದವನು ಬುದ್ಧಿಮಾತು ಎಲ್ಲಿ ಕೇಳುತ್ತಾನೆ? ಆಲ್ಬಮ್ ತಿಜೋರಿ ಸೇರಿತು. ಗಾಳಿ ತಾಗೀತು ಅಂತ ಅವನೂ ತೆರೆಯಲಿಲ್ಲ. ಒಂಬತ್ತು ಪಂಚಮಿ ಬಂದವು, ಒಂಬತ್ತು ಸಲ ತಂಗಿ ಕೇಳಿದಳು, ಒಂಬತ್ತು ಸಲ ಇಲ್ಲ ಅಂದ.

ಹತ್ತನೆಯ ವರ್ಷ ತಂಗಿಯ ಮಗಳ ಮದುವೆ ಗೊತ್ತಾಯಿತು. ತಂಗಿ ಬಂದು ಕೂತಳು.

"ನನಗ ಬ್ಯಾಡಣ್ಣಾ. ಮಗಳ ಮ್ಯಾಲ ಅಕ್ಕಿಕಾಳು ಬೀಳೂ ಮುಂದ ಅಕಿ ಹಣಿಗೆ ಅವ್ವನ ಬೊಟ್ಟು ಒಂದು ಇರ್ಲಿ."

ಅಣ್ಣನ ಕರುಳು ಕರಗಿತು. ತಿಜೋರಿ ತೆಗೆದ, ಆಲ್ಬಮ್ ತೆಗೆದ. ಜೇಬಿನ ತುಂಬ ಹಸಿರು ಅಂಟು. ಕಾಸು ಪ್ಲಾಸ್ಟಿಕ್ಕಿಗೆ ಕಚ್ಚಿಕೊಂಡಿತ್ತು. ಕಿತ್ತು ನೋಡಿದರೆ ತೂತಿನ ಅಂಚೆಲ್ಲ ತಿಂದುಹೋಗಿದೆ. ಶಲ್ಯದಿಂದ ಒರೆಸಿದ, ಒರೆಸಿದ, ಮತ್ತೆ ಒರೆಸಿದ. ಹಸಿರು ಬಂತು. ಅವ್ವನ ಕೆಂಪು ಎಲ್ಲೂ ಇರಲಿಲ್ಲ.

ತಂಗಿ ಅಳಲಿಲ್ಲ. "ನನ್ನ ಕೈಬೆವರಿಗೆ ಅಂಜಿದ್ಯಲ್ಲೋ ಅಣ್ಣಾ" ಅಂದಳು. ಅಷ್ಟೇ ಅಂದಳು.

ಆಗ ಅವನು ತಲೆಯೆತ್ತಿ ತಂಗಿಯ ಮುಖ ನೋಡಿದ. ಅದೇ ಹಣೆ, ಅದೇ ಹುಬ್ಬು. ಅವ್ವ ಒಂಬತ್ತು ಪಂಚಮಿ ಮನೆಗೆ ಬಂದು ಕೈಯೊಡ್ಡಿ ನಿಂತಿದ್ದಳು, ಇವನು ತಿಜೋರಿಗೆ ಕಾವಲಿದ್ದ. ಕಾಸಿನ ಹಂಬಲ ಅಲ್ಲಿಗೆ ಮುಗಿಯಿತು. ಕಳೆದುಹೋದ ಆ ಒಂಬತ್ತು ಪಂಚಮಿಯ ಹಂಬಲ ಮಾತ್ರ ಸಾಯುವತನಕ ಬಿಡಲಿಲ್ಲ.

ನಗಬೇಡಿ ಅವನನ್ನು. ನಿಮ್ಮ ಟ್ರಂಕಿನಲ್ಲಿ ಅಜ್ಜಿಯ ಇಳಕಲ್ ಸೀರೆ ಇಲ್ಲವೇ? ಉಟ್ಟರೆ ಹರಿಯುತ್ತದೆ ಅಂತ ಸೊಸೆಗೆ ಹೇಳಿಲ್ಲವೇ? ಮನೆಗೆ ಹೋದವರೇ ಜೋಪಾನ ಮಾಡಿದ್ದನ್ನೆಲ್ಲ ಹೊರಗೆ ತೆಗೆಯಿರಿ. ಪ್ಲಾಸ್ಟಿಕ್ ಮೂಸಿ ನೋಡಿ, ವಾಸನೆ ಬಂದರೆ ಇವತ್ತೇ ಬದಲಿಸಿ, ಆಗಾಗ ತೆರೆದು ನೋಡುತ್ತಿರಿ. ಆದರೆ ಗಟ್ಟಿ ಡಬ್ಬಿ ತಂದೆವು, ಕೆಲಸ ಮುಗಿಯಿತು ಅಂತ ಕೂರಬೇಡಿ. ಅದನ್ನು ಯಾರು ಕೇಳುತ್ತಿದ್ದಾರೆ, ಎಷ್ಟು ವರ್ಷದಿಂದ ಕೇಳುತ್ತಿದ್ದಾರೆ, ನೆನಪು ಮಾಡಿಕೊಳ್ಳಿ. ಕೈ ತೊಳೆದುಕೊಂಡು ಬಾ ಅನ್ನಿ, ಒರೆಸಿಕೋ ಅನ್ನಿ, ಅವರ ಅಂಗೈಯಲ್ಲಿ ಇಡಿ. ಸವೆದರೆ ಸವೆಯಲಿ. ಅವರು ಇನ್ನೂ ಕೇಳುತ್ತಿರುವಾಗಲೇ ಕೊಡಿ.