ದ್ವೀಪದ ಎಳನೀರು

೧೯೯೪ರ ಒಂದು ಸಂಜೆ, ವಾಷಿಂಗ್ಟನ್ ಮೆಟ್ರೋದಲ್ಲಿ ಹಿಂದಿನ ಸೀಟಿನಿಂದ ಕನ್ನಡ ಕೇಳಿಬಂದು ರಚನಾ ಪೇಪರ್ ಮಡಚಿದಳು. ದಶಕಗಳ ಹಿಂದೆ ಅಮೆರಿಕ ಪರೀಕ್ಷೆಗೆಂದು ಅಣುಬಾಂಬ್ ಸಿಡಿಸಿದ್ದ ದ್ವೀಪಕ್ಕೆ ಹೋಗಿ, ಅಲ್ಲಿನ ತೆಂಗಿನಕಾಯಿಗಳಲ್ಲಿ ವಿಕಿರಣ ಅಳೆದು ಬಂದಿದ್ದ ಗಂಡನನ್ನು ಹೆಂಡತಿ ವಿಚಾರಿಸುತ್ತಿದ್ದಳು.

"ನೀವೂ ಕುಡಿದ್ರಾ?"

"ಒಂದು ಎಳನೀರು. ಹೆದರ್ಬೇಡಿ ಅಂತ ಅಲ್ಲಿನ ಊರಿನವರ ಎದುರಿಗೇ ಕುಡಿದೆ."

"ಏನೂ ಆಗಲ್ವೇನ್ರೀ?"

"ಒಂದರಿಂದ ಆಗಲ್ಲ. ದಿನಾ ಕುಡಿದ್ರೆ ಲೆಕ್ಕ ಬೇರೆ."

"ಊರಿನವರು ಕುಡಿದ್ರಾ?"

"ಇಲ್ಲ. ಒಬ್ಬ ಅಜ್ಜಿ, 'ನೀನು ವಾಪಸ್ ಯಾವಾಗ ಹೊರಡ್ತೀಯಪ್ಪಾ' ಅಂತ ಕೇಳಿದ್ರು."

"ಏನಂದ್ರಿ?"

"ನಾಳೆ ಅಂದೆ."

"ಅದಕ್ಕೆ?"

"'ನಾವು ಇಲ್ಲೇ ಇರ್ತೀವಿ' ಅಂದ್ರು."

"ಆಮೇಲೆ?"

"ಆಮೇಲೇನು, ಮಾರನೇ ದಿನ ಪ್ಲೇನ್ ಹತ್ತಿದೆ."

ರಚನಾಳಿಗೆ ತಿರುಗಿ ಅವನ ಮುಖ ನೋಡಬೇಕೆನಿಸಿತು. ಅಷ್ಟರಲ್ಲಿ ಸ್ಟೇಷನ್ ಬಂತು, ಇಬ್ಬರೂ ಇಳಿದುಹೋದರು.