ಚಂದ್ರಾಮನ ವಾಚು

…ಇಲ್ಲ ಇಲ್ಲ, ಚಾ ಬ್ಯಾಡ ತಂಗಿ. ನೀ ಏಳಬ್ಯಾಡ. ವೀಳ್ಯದೆಲಿ ಹೊಂದಸಾಕತ್ತೀಯಲ್ಲ, ಹೊಂದಸು. ನಾ ಇಲ್ಲೇ ಕಟ್ಟಿಮ್ಯಾಲೆ ಕುಂದರ್ತೇನಿ. ಮೊಣಕಾಲು ಮಡಚಾಕ ಬರವಲ್ದು ಇನ್ನೂ… ಆತು. ಕುಂತ್ನಿ.

ಇದನ್ನ ಕೊಟ್ಟು ಹೋಗೂಣಂತ ಬಂದ್ನಿ. ವಾಚು. ಹಿಡಿ… ಯಾಕ, ಕೈ ಯಾಕ ಹಿಂದಕ್ಕ ತಗೀತಿ ದಾನವ್ವ? ನಂದ ವಾಚು. ಹೋದ ವರ್ಷ, ಎಂಬತ್ತಾರರಾಗ, ನಮ್ಮ ಸ್ವಾದರಮಾವ ಮುಂಬೈದಿಂದ ತಂದುಕೊಟ್ಟಿದ್ದು. ನಿನ್ನ ಗಂಡ ಗುತ್ತೆಪ್ಪಗ ಇದರ ಮ್ಯಾಲೆ ಬಾಳ ಮನಸಿತ್ತು. ಹತ್ತು ವರ್ಷ ಅವನ ಎಲಿ ಪೆಂಡಿ ನನ್ನ ಟೆಂಪೊದಾಗ ಸವಣೂರಿಗೆ ಹೋಗ್ಯಾವು, ಹೌದಲ್ಲ? ಈ ವಾಚು ಬಂದ ಮ್ಯಾಲೆ, ಗಾಡಿ ಹತ್ತಿದ ಕೂಡ್ಲೆ ಅವಂದು ಒಂದ ಮಾತು. "ಗುಡ್ಡಣ್ಣ, ಚಂದ್ರಾಮನ್ನ ತೋರಸೋ." ಅದಕ್ಕ… ಅವಂದ ಅಂತ ತಿಳಕೊಂಡು ಇಟ್ಕೋ. ಗಂಡಸರ ವಾಚಾದ್ರ ಏನಾತು.

ಇಲ್ಲಿ ನೋಡು, ಕೆಳಗ ಒಂದು ಖಿಡಕಿ ಐತಿ. ನೀಲಿ ಆಕಾಶ, ಚುಕ್ಕಿ. ಅದರಾಗ ಹಳದಿ ಚಂದ್ರಾಮ. ದಿನಾ ಒಂದೀಟ ಒಂದೀಟ ಸರೀತಾನ. ಹುಣ್ಣಿಮಿಗೆ ಪೂರಾ ಕಾಣತಾನ, ಅಮಾಸಿಗೆ ಒಳಗ ಹೋಗಿಬಿಡತಾನ… ನಕ್ಕೇನು? ನಗು, ನಗೂ ಮಾತ ಐತಿ. ಅವನೂ ಹಿಂಗ ನಕ್ಕಿದ್ದ. "ಮ್ಯಾಲೆ ಪುಕ್ಕಟ ಕಾಣತಾನ, ಇದರಾಗ ಯಾಕ ಹುಡುಕ್ತಿ" ಅಂದಿದ್ದ.

ಚಾವಿ ಕೊಡೂದು ಇಲ್ಲ ಇದಕ್ಕ. ಒಳಗ ಸೆಲ್ ಐತಿ. ಎರಡು ವರ್ಷ ನಡೀತೈತಂತ. ಖಾಲಿ ಆದ್ರ ಸವಣೂರಾಗ ಹಾಕಸ್ಕೊಂಡು ಬರ್ತೇನಿ, ನೀ ಚಿಂತಿ ಮಾಡಬ್ಯಾಡ. ಬಾಜೂಕ ಈ ಸಣ್ಣ ಗುಂಡಿ ಐತೆಲ್ಲ, ಒಂದ ಹೆಜ್ಜಿ ಹೊರಗ ಎಳೀಬೇಕು. ಮುಂದಕ್ಕ ತಿರುವಿದ್ರ ತಾರೀಖು. ಹಿಂದಕ್ಕ ತಿರುವಿದ್ರ ಚಂದ್ರಾಮ. ಎರಡ ಹೆಜ್ಜಿ ಎಳದ್ರ ಮುಳ್ಳು ನಿಲ್ಲತಾವು, ಆವಾಗ ಟೈಮ್ ಕೂಡಿಸಬೇಕು. ಒತ್ತಿದ್ರ ಮತ್ತ ಚಾಲೂ. ಅಷ್ಟ. ಏನೂ ಕಠಿಣ ಇಲ್ಲ. ಹಾಂ, ಹೊತ್ತು ಮುಳುಗಿದ ಮ್ಯಾಲೆ ತಾರೀಖು ಮುಟ್ಟಬ್ಯಾಡ. ಒಳಗಿನ ಹಲ್ಲು ಮುರೀತಾವಂತ.

ಯಾಕ, ಅತ್ತ ಯಾಕ ನೋಡಾಕತ್ತಿ?

…ರಾಜೇಸಾಬ. ಹೋಗ್ಲಿ ಬಿಡು. ತಲಿ ಕೆಳಗ ಹಾಕ್ಕೊಂಡು ಹೊಂಟಾನ. ನಿನ್ನ ಮನಿ ಮುಂದ ಬಂದಾಗ ಆ ಬಾಜು ಗ್ವಾಡಿಗೆ ಅಂಟಿ ನಡೀತಾನ, ನೋಡಿಯೇನು? ಎಮ್ಮಿ ಮಾರಿದನಂತ. ಹಾನಗಲ್ಲ ಸಂತ್ಯಾಗ. ಹಿಂಡೂ ಎಮ್ಮಿ. ಊರಾಗ ಅವನ ಹಾಲು ಯಾರೂ ತಗೊಳವಲ್ರಂತ, ಇಟ್ಕೊಂಡು ಏನ ಮಾಡ್ಯಾನು.

ಹಂಗ ನೋಡಬ್ಯಾಡ. ನಾ ಏನ ಅವನ ಕಡೆ ಮಾತಾಡಾಕತ್ತಿಲ್ಲ. ಅಲ್ಲ… ಅವತ್ತ ನೀ ಅವನ ಬಾಗಲಾಗ ನಿಂತು ಮಣ್ಣು ತೂರಿದಿ. "ನಿನ್ನ ಮನಿ ಹಾಳಾಗ್ಲಿ, ನಿನ್ನ ಎಮ್ಮಿ ನನ್ನ ಗಂಡನ್ನ ತಿಂತು" ಅಂದಿ. ಅವನ ಹೆಂಡ್ತಿ ಹೊಸ್ತಿಲದಾಗ ಕುಂತು ಕೇಳಿದ್ಲು. ನಾನೂ ಅಲ್ಲೇ ಇದ್ನಿ. ಬೇವಿನ ಗಿಡದ ಕೆಳಗ. ಕಾಲಿಗೆ ಪಟ್ಟಿ ಕಟ್ಕೊಂಡು.

ಪೊಲೀಸ್ರ ಮುಂದ ನಾ ಇದ್ದದ್ದ ಹೇಳಿದ್ನಿ. "ಎಮ್ಮಿ ಅಡ್ಡ ಬಂತ್ರಿ. ತಪ್ಪಸಾಕ ಹೋದ್ನಿ. ಟೆಂಪೊ ಹಳ್ಳದ ಸೇತುವಿಂದ ಕೆಳಗ ಬಿತ್ತ್ರಿ." ಪಂಚರ ಮುಂದೂ ಅದನ್ನ ಹೇಳಿದ್ನಿ. ನಿನಗೂ ಅದನ್ನ. ಎಷ್ಟ ಸಲ ಹೇಳೇನೋ, ಈಗ ಬಾಯಿ ತಾನ ಹೇಳತೈತಿ, ನಾ ಹೇಳೂದ ಬೇಕಾಗಿಲ್ಲ. ರಾಜೇಸಾಬನ್ನ ಎರಡು ದಿನ ಠಾಣ್ಯಾದಾಗ ಕುಂಡ್ರಿಸಿದ್ರು. "ನನ್ನ ಎಮ್ಮಿ ಕೊಟ್ಟಿಗ್ಯಾಗ ಇತ್ತ್ರಿ ಸಾಹೇಬ್ರ" ಅಂದನಂತ. ಯಾರು ನಂಬ್ತಾರ?

ನನಗ ಅಳು ಬರವಲ್ದು ತಂಗಿ. ಊಟಾನೂ ಮಾಡ್ತೇನಿ, ನಿದ್ದೀನೂ ಮಾಡ್ತೇನಿ. ನನ್ನ ಹೆಂಡ್ತಿ ಅಂತಾಳ, ನಿಮಗ ಏನೂ ಆಗೇ ಇಲ್ಲ ಅನ್ನೂಹಂಗ ಅದೀರಿ ಅಂತ. ಹೌದು. ಕೈಗೆ ಜೋಮು ಹಿಡಿದಾಗ ಇರ್ತೈತೆಲ್ಲ, ಹಂಗ. ಚಿವುಟಿದ್ರೂ ಗೊತ್ತಾಗವಲ್ದು.

ಇರ್ಲಿ. ತಗೊ, ವಾಚು ಹಿಡಿ. ಚಂದ್ರಾಮನ್ನ ನೀನ ಕೂಡಿಸು, ಕಲ್ತಂಗ ಆಕ್ಕೈತಿ. ಹುಣ್ಣಿಮಿ ಆಗಿ ಇವತ್ತಿಗೆ ಐದು ದಿನ. ಮೊದ್ಲ ಪೂರಾ ಚಂದ್ರಾಮ ಬರೂಮಟ ತಿರುವು. ಆಮ್ಯಾಲೆ ಐದು ಸಲ, ಟಕ್ ಟಕ್ ಅಂತ. ಉಗುರ ಹಚ್ಚಿ ಎಳಿ… ಊಂ ಹೂಂ. ಬರಲಿಲ್ಲ. ಎಲಿ ಪೆಂಡಿ ಕೆಳಗ ಇಡು. ಒಂದ ಕೈಲೆ ಬರೂದಿಲ್ಲ ತಂಗಿ, ಗುಂಡಿ ಬಿಗಿ ಐತಿ, ಎರಡೂ ಕೈ ಬೇಕು. ಒಂದ ಕೈಲೆ ಎಳದು ಎಳದು ನನಗೂ ಸಾಕಾಗಿತ್ತು ಅವತ್ತು. ಗುತ್ತೆಪ್ಪ ಬ್ಯಾರೆ ಬಾಜೂಕ ಕುಂತು ನಗತಿದ್ದ, "ನಿನ್ನೆ ಹುಣ್ಣಿಮಿ ಆಗೇತಿ, ನಿನ್ನ ಚಂದ್ರಾಮ ಇನ್ನೂ ಅರ್ಧಾ ಅದಾನಲ್ಲೋ ಗುಡ್ಡಣ್ಣ" ಅಂತ. ಕಡೀಕ ಎರಡೂ ಕೈ ಹಚ್ಚೇ…

…

ಅವತ್ತು ಅಂದ್ರ ಅವತ್ತಲ್ಲ. ಬ್ಯಾರೆ ದಿನ. ಅದರ ಹಿಂದಿನ… ಗಾಡಿ ನಿಂತಾಗ. ಚಾದ ಅಂಗಡಿ ಮುಂದ ನಿಂತಿದ್ವಿ.

ಏನು? ಏನರ ಅಂದೇನು?

ದಾನವ್ವ. ಎಲಿ ಬಿದ್ದಾವ ನೋಡು ಕೆಳಗ… ಹೌದು, ಹೋದ ತಿಂಗಳ ಹುಣ್ಣಿಮಿ ಮರುದಿನಾನ ಅವ ಸತ್ತದ್ದು. ನಿನಗ ಗೊತ್ತೈತಿ. ಹುಣ್ಣಿಮಿ ದಿನ ಹೋಳಗಿ ಮಾಡಿದ್ದಿ, ಉಳದದ್ದು ಮರುದಿನ ಬುತ್ತಿ ಕಟ್ಟಿ ಕಳಿಸಿದ್ದಿ. ನಂಗೂ ಒಂದು ಕೊಟ್ಟಿದ್ದ. ಅದನ್ನ ತಿಂದ್ವಿ. ಕೈ ವರಸ್ಕೊಂಡ್ನಿ. ಆಮ್ಯಾಲೆ ವಾಚು ಬಿಚ್ಚಿದ್ನಿ.

ರಸ್ತೆ ಖಾಲಿ ಇತ್ತು. ಮುಂಜಾನೆ ಬಿಸಲು, ಎಲ್ಲಾ ಚೊಕ್ಕ ಕಾಣತಿತ್ತು. ಒಂದ ಗಳಿಗಿ ಅಂದ್ನಿ. ಸ್ಟೇರಿಂಗಿಗೆ ಮೊಣಕಾಲ ಹಚ್ಚಿದ್ನಿ. ಅವ "ಬಂತು, ಬಂತು, ಪೂರಾ ಬಂತು" ಅಂದ. ಚಂದ್ರಾಮಗ ಅಂದ. ಇಬ್ರೂ ಅದನ್ನ ನೋಡಾಕತ್ತಿದ್ವಿ. ತಲಿ ಎತ್ತೂದ್ರಾಗ ಸೇತುವಿ ಕಲ್ಲು…

ಎಮ್ಮಿ ಇರಲಿಲ್ಲ. ಯಾವ ಎಮ್ಮೀನೂ ಇರಲಿಲ್ಲ ತಂಗಿ. ಹವಾಲ್ದಾರ "ಏನ ಅಡ್ಡ ಬಂತೋ?" ಅಂತ ಕೇಳಿದ. ಅವ ಕೇಳಿದ್ದಕ್ಕ ಎಮ್ಮಿ ಅಂದುಬಿಟ್ನಿ. ದೂರ ಹೊಲದಾಗ ರಾಜೇಸಾಬ ನಿಂತಿದ್ದ, ಎಮ್ಮಿ ಅವಂದ ಅಂತ ಎಲ್ಲಾರೂ ತಿಳಕೊಂಡ್ರು. ಮೊದ್ಲ ಓಡಿ ಬಂದಾವ ಅವನ. ಗುತ್ತೆಪ್ಪನ ಮ್ಯಾಲಿನ ಪೆಂಡಿ ಸರಿಸಿ, ಹೊರಗ ಎಳದು, ನೀರು ಹಾಕಿದಾವ ಅವನ.

ಬೈ. ಉಗಳು. ಆ ಕಲ್ಲು ತಗೊಂಡು ಹೊಡಿ, ನಾ ಅಲ್ಲಾಡೂದಿಲ್ಲ. ಏನರ ಮಾಡು…

ಎದ್ದೇನು? ಎಲ್ಲಿಗಿ? ದಾನವ್ವ, ತಲಿಮ್ಯಾಲೆ ಸೆರಗರ ಹಾಕ್ಕೊ, ಮಂದಿ ನೋಡ್ತಾರ… ನಿಮ್ಮಣ್ಣನ ಮನಿ ಈ ಕಡೆ. ಅದು ಮಸೂತಿ ಓಣಿ. ಆ ಓಣ್ಯಾಗ ನಿಮ್ಮಾವ್ರು ಯಾರ ಅದಾರ? ಅಲ್ಲಿ ಇರಾವ ರಾಜೇ…

ತಡಿ. ನಿಲ್ಲು ತಂಗಿ. ನೀ ಯಾಕ ಅವನ ಕಾಲ ಹಿಡೀತಿ? ಮಣ್ಣು ತೂರಿದ್ದು ನಿನ್ನ ಕೈಯಾದ್ರೂ… ನಿಲ್ಲು, ನಾನೂ ಬರ್ತೇನಿ. ಅವನ ಬಾಗಲಾಗ ನಾನ ಹೇಳ್ತೇನಿ.

ತಿರುಗೀನೂ ನೋಡವಲ್ಲಿ… ನಡಿ. ನಡಿ. ಬಂದ್ನಿ.